ಮುದ್ದೆಯ ತೂಕವೂ ಎಣ್ಣೆಯ ಲೆಕ್ಕವೂ

ಬೆಂಗಳೂರಿನಿಂದ ಯಲಹಂಕದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳವನ್ನು ದಾಟಿದ ಮೇಲೆ ಬಲಬದಿಗೆ ಸಿಗುವ ಅಮೃತಹಳ್ಳಿಯು ಈಗ ನಗರದೊಳಗೆ ಸೇರಿಹೋದ ಬಡಾವಣೆಯಾಗಿದ್ದರೂ, ಅದರ ಕೆರೆಯಲ್ಲಿಯೂ ಹಳೆಯ ಮನೆಗಳ ಊಟದಲ್ಲಿಯೂ ಹಳ್ಳಿಯ ಗುರುತು ಇನ್ನೂ ಉಳಿದಿದೆ. ಒಂದು ಕಾಲಕ್ಕೆ ಈ ಭಾಗದ ಕೆಂಪು ಮಣ್ಣಿನ ಹೊಲಗಳಲ್ಲಿ ಮಳೆಯನ್ನೇ ನಂಬಿ ರಾಗಿ ಬೆಳೆಯುತ್ತಿದ್ದರು. ರಾಗಿಯ ನಡುವಿನ ಅಕ್ಕಡಿ ಸಾಲುಗಳಲ್ಲಿ, ಎಂದರೆ ಮುಖ್ಯ ಬೆಳೆಯ ಮಧ್ಯೆ ಅಂತರ ಬಿಟ್ಟು ಹಾಕುವ ಸಾಲುಗಳಲ್ಲಿ, ಅವರೆ, ತೊಗರಿ, ಹುಚ್ಚೆಳ್ಳುಗಳು ಬರುತ್ತಿದ್ದವು. ಮುದ್ದೆಯ ಹಿಟ್ಟು, ಸಾರಿನ ಕಾಳು, ಒಗ್ಗರಣೆಯ ಎಣ್ಣೆ ಮೂರೂ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದ ಆ ಕಾಲದಲ್ಲಿ ಉಂಡದ್ದನ್ನು ಕರಗಿಸುವ ಚಿಂತೆ ಯಾರಿಗೂ ಇರಲಿಲ್ಲ, ಏಕೆಂದರೆ ಉಳುಮೆ, ಕಳೆ, ಕೊಯ್ಲು, ಕಣಗಳು ಅದನ್ನು ಅಂದಂದಿಗೇ ಕರಗಿಸುತ್ತಿದ್ದವು. ಇಂದು ಅದೇ ನೆಲದ ಮೇಲೆ ವಾಸಿಸುವವರಲ್ಲಿ ಅನೇಕರು ಸಮೀಪದ ಮಾನ್ಯತಾ ಟೆಕ್ ಪಾರ್ಕಿನಂಥ ಕಡೆಗಳಲ್ಲಿ ದಿನವಿಡೀ ಕುಳಿತು ದುಡಿಯುವವರಾದುದರಿಂದ, ಮನೆಯ ಅಡುಗೆಯನ್ನು ಹಗುರಗೊಳಿಸುವುದು ಹೇಗೆ ಎಂಬ ಪ್ರಶ್ನೆ ಇಲ್ಲಿನ ಅಡುಗೆಮನೆಗಳಿಗೆ ಹೊಸದಾಗಿ ಬಂದಿದೆ.

ಹಗುರ ಎಂಬುದನ್ನು ಅಳೆಯಲು ಈಗ ಎಲ್ಲರೂ ಬಳಸುವ ಮಾನ ಕ್ಯಾಲೊರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖಕ್ಕೆ ಒಂದು ಕಿಲೋಕ್ಯಾಲೊರಿ ಎಂದು ಹೆಸರು. ಆಹಾರದ ವಿಷಯದಲ್ಲಿ ಜನ ಕ್ಯಾಲೊರಿ ಎಂದು ಕರೆಯುವುದು ಈ ಕಿಲೋಕ್ಯಾಲೊರಿಯನ್ನೇ, ಮತ್ತು ಈ ಭಾಷಣದಲ್ಲಿಯೂ ಆ ಪದವನ್ನು ಅದೇ ಅರ್ಥದಲ್ಲಿ ಬಳಸಲಾಗಿದೆ. ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ 19ನೆಯ ಶತಮಾನದ ಕೊನೆಯಲ್ಲಿ ನಡೆಸಿದ ಪ್ರಯೋಗಗಳಿಂದ ರೂಢಿಗೆ ಬಂದ ಲೆಕ್ಕದ ಪ್ರಕಾರ, ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆ ದೇಹಕ್ಕೆ ಸುಮಾರು 4 ಕ್ಯಾಲೊರಿ ಕೊಡುತ್ತದೆ, ಒಂದು ಗ್ರಾಂ ಪ್ರೋಟೀನು ಕೂಡ 4 ಕ್ಯಾಲೊರಿಯನ್ನೇ ಕೊಡುತ್ತದೆ, ಆದರೆ ಒಂದು ಗ್ರಾಂ ಕೊಬ್ಬು, ಅದು ಕಡಲೆಕಾಯಿ ಎಣ್ಣೆಯಾಗಲಿ ಹಸುವಿನ ತುಪ್ಪವಾಗಲಿ, 9 ಕ್ಯಾಲೊರಿ ಕೊಡುತ್ತದೆ. ನೀರಿಗೆ ಕ್ಯಾಲೊರಿಯೇ ಇಲ್ಲ, ನಾರಿಗೆ ಇರುವುದು ಪಿಷ್ಟಕ್ಕಿಂತ ಕಡಿಮೆ. ಹಗುರ ಅಡುಗೆಯ ಶಾಸ್ತ್ರವೆಲ್ಲ ಇಷ್ಟರಲ್ಲಿಯೇ ಅಡಗಿದೆ ಎಂದರೂ ನಡೆಯುತ್ತದೆ.

ಒಬ್ಬರಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಎಂಬುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪರಿಷ್ಕರಿಸಿ ಪ್ರಕಟಿಸಿದೆ. ಅದರಂತೆ 55 ಕಿಲೋ ತೂಕದ ವಯಸ್ಕ ಹೆಂಗಸು ಕುಳಿತು ಮಾಡುವ ಕೆಲಸದವಳಾದರೆ 1660 ಕ್ಯಾಲೊರಿ ಸಾಕು, ಆದರೆ ಮೈಮುರಿದು ದುಡಿಯುವವಳಾದರೆ 2720 ಬೇಕು. 65 ಕಿಲೋ ತೂಕದ ಗಂಡಸಿಗೆ ಇದೇ ಅಂಕಿಗಳು 2110 ಮತ್ತು 3470. ಅಂದರೆ ಹೊಲದಿಂದ ಕುರ್ಚಿಗೆ ಬಂದ ಗಂಡಸಿನ ಅಗತ್ಯದಲ್ಲಿ 1360 ಕ್ಯಾಲೊರಿ ಇಳಿದಿದೆ. ಹಿಟ್ಟಂ ತಿಂದಂ ಬೆಟ್ಟವ ಕಿತ್ತಿಟ್ಟಂ ಎಂಬ ಗಾದೆಯನ್ನು ರಾಗಿಯ ಹೊಗಳಿಕೆಗಾಗಿ ಹೇಳುವುದು ವಾಡಿಕೆಯಾದರೂ, ಬೆಟ್ಟ ಕೀಳುವ ಕೆಲಸ ಇದ್ದವನಿಗೇ ಆ ಹಿಟ್ಟು ಎಂಬ ಷರತ್ತೂ ಅದರಲ್ಲಿಯೇ ಇರುವುದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ.

ತೂಕ ಇಳಿಸಬೇಕೆಂದು ಹೊರಟ ಮನೆಗಳಲ್ಲಿ ಮೊದಲು ಆಗುವ ಬದಲಾವಣೆ ಧಾನ್ಯದ್ದು. ಅನ್ನದ ಬದಲು ಮುದ್ದೆ ಅಥವಾ ಚಪಾತಿ ಬರುತ್ತದೆ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದ ಮೇಲಂತೂ ನವಣೆ ಸಾಮೆಗಳು ಪ್ಯಾಕೆಟ್ಟುಗಳಲ್ಲಿ ಬಂದು ಡಬ್ಬಗಳನ್ನು ತುಂಬಿವೆ. ಈ ಧಾನ್ಯಗಳ ಬಗ್ಗೆ ಅಮೃತಹಳ್ಳಿಯವರು ದೂರ ಹೋಗಿ ಕೇಳಬೇಕಾದುದೂ ಇಲ್ಲ. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ, ಜನರ ಬಾಯಲ್ಲಿ ಜಿಕೆವಿಕೆ, ಬಳ್ಳಾರಿ ರಸ್ತೆಯ ಆಚೆ ಬದಿಯಲ್ಲೇ ಇದೆ. ಬೆಂಕಿ ರೋಗವನ್ನು ತಡೆದುಕೊಳ್ಳುವ ಜಿಪಿಯು-28 ರಾಗಿ ತಳಿ ಹೊರಬಂದದ್ದು ಅಲ್ಲಿಂದ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿಯ ಕೆಲಸವನ್ನೂ ಇಲ್ಲಿ ನೆನೆಯಬೇಕು. ಆದರೆ ಇವರೆಲ್ಲರೂ ರಾಗಿಯ ಇಳುವರಿಗಾಗಿ, ರೋಗನಿರೋಧಕ್ಕಾಗಿ ದುಡಿದರೇ ಹೊರತು ರಾಗಿ ತಿಂದರೆ ಮೈ ಇಳಿಯುತ್ತದೆಂದು ಹೇಳಿದವರಲ್ಲ.

ಅಂಕಿಗಳನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಪೋಷಣಾ ಸಂಸ್ಥೆಯು 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕದಂತೆ 100 ಗ್ರಾಂ ಪಾಲಿಷ್ ಅಕ್ಕಿಯಲ್ಲಿ 356 ಕ್ಯಾಲೊರಿ, ಅಷ್ಟೇ ರಾಗಿಯಲ್ಲಿ 321, ಗೋಧಿ ಹಿಟ್ಟಿನಲ್ಲಿ 320. ಅಕ್ಕಿಗೂ ರಾಗಿಗೂ ಇರುವ ಅಂತರ 35 ಕ್ಯಾಲೊರಿ. ಒಂದು ಟೀ ಚಮಚ ಎಣ್ಣೆಯಲ್ಲಿ ಇರುವುದು 40. ಅಕ್ಕಿಯನ್ನು ಬಿಟ್ಟು ಸಂಪಾದಿಸಿದ್ದನ್ನೆಲ್ಲ ಮುದ್ದೆಯ ಮೇಲೆ ಸುರಿದ ಒಂದೇ ಒಂದು ಚಮಚ ತುಪ್ಪ ಕಳೆದುಬಿಡುತ್ತದೆ. ರಾಗಿಯ ಹೆಚ್ಚುಗಾರಿಕೆ ಬೇರೆಡೆ ಇದೆ: 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದ ಅಂಶ ಇದ್ದರೆ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮೂ ಇಲ್ಲ, ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಉಳಿಯುವುದಕ್ಕೆ ಈ ನಾರು ನೆರವಾಗುತ್ತದೆ ಎಂಬುದು ನಿಜ, ಆದರೂ ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯು ರಕ್ತದ ಸಕ್ಕರೆಯನ್ನು ಬೇಗ ಏರಿಸಬಲ್ಲದೆಂಬುದೂ ಅಷ್ಟೇ ನಿಜ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಯೂ ರಾಗಿಯೂ ಹೆಚ್ಚುಗಾರಿಕೆಗಾಗಿ ಜಗಳವಾಡಿದಾಗ ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇರಿಸಿ, ಕೆಡದೆ ಉಳಿದ ರಾಗಿಯ ಪರವಾಗಿ ತೀರ್ಪು ಕೊಡುತ್ತಾನೆ. ಅಲ್ಲಿ ಪರೀಕ್ಷೆಗೆ ಒಳಗಾದದ್ದು ಧಾನ್ಯದ ಬಾಳಿಕೆ, ಸೊಂಟದ ಸುತ್ತಳತೆಗೆ ಆ ತೀರ್ಪಿನಲ್ಲಿ ಜಾಗವಿಲ್ಲ.

ಒಂದು ಮಧ್ಯಮ ಗಾತ್ರದ ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಬೇಕಾಗುತ್ತದೆ, ಆದುದರಿಂದ ಅದರಲ್ಲಿ 260ರಿಂದ 320 ಕ್ಯಾಲೊರಿ ಇರುತ್ತದೆ. ಹಳೇ ಮೈಸೂರು ಕಡೆಯ ಊಟದ ಕ್ರಮದಲ್ಲಿ ಮುದ್ದೆ ಮುಗಿದ ಮೇಲೆ ಅದೇ ಸಾರಿಗೆ ಅನ್ನ, ಆಮೇಲೆ ಮಜ್ಜಿಗೆಗೆ ಇನ್ನಷ್ಟು ಅನ್ನ ಬರುವುದುಂಟು; ಕುಳಿತು ಕೆಲಸ ಮಾಡುವವರ ಊಟ ಭಾರವಾಗುವುದು ಈ ಎರಡನೆಯ ಮತ್ತು ಮೂರನೆಯ ಸುತ್ತಿನಲ್ಲಿ. ಮುದ್ದೆಯೋ ಅನ್ನವೋ ಎಂಬ ಆಯ್ಕೆ ಕ್ಯಾಲೊರಿಯ ದೃಷ್ಟಿಯಿಂದ ನಾಲಿಗೆಯ ವಿಷಯ, ಮುದ್ದೆಯೂ ಅನ್ನವೂ ಎಂಬ ರೂಢಿ ತೂಕದ ವಿಷಯ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯು ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇಕಡಾ 45ನ್ನು ಮೀರಬಾರದೆಂದು ಹೇಳುತ್ತದೆ. ನಗರದ ಊಟದ ಡಬ್ಬಿಯಲ್ಲಿ ಚಿತ್ರಾನ್ನವೊಂದೇ ತುಂಬಿರುವ ದಿನ ಈ ಮಿತಿಯ ಗತಿ ಏನೆಂದು ವಿವರಿಸಬೇಕಾಗಿಲ್ಲ.

ಧಾನ್ಯಕ್ಕಿಂತ ಹೆಚ್ಚು ಗಮನ ಬೇಡುವುದು ಒಲೆಯ ಪಕ್ಕದ ಎಣ್ಣೆಯ ಪಾತ್ರೆ. ಅಕ್ಕಿಯನ್ನು ಪಾವಿನಲ್ಲಿ, ಬೇಳೆಯನ್ನು ಹಿಡಿಯಲ್ಲಿ, ನೀರನ್ನು ಲೋಟದಲ್ಲಿ ಅಳೆಯುವ ಕೈ ಎಣ್ಣೆಯನ್ನು ಮಾತ್ರ ಕಣ್ಣಳತೆಗೆ ಬಿಡುತ್ತದೆ. ಬಾಂಡಲೆಯ ತಳ ಹೊಳೆಯುವಷ್ಟು, ಸಾಸಿವೆ ತೇಲುವಷ್ಟು ಎಂಬುವೇ ಅದರ ಮಾನಗಳು. 15 ಮಿಲಿಲೀಟರಿನ ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ ಎಂಬುದನ್ನು ತಿಳಿದು ನೋಡಿದರೆ, ದಿನವೂ ಮಾಡುವ ಉಪ್ಪಿಟ್ಟಿನ ರೂಪವೇ ಬೇರೆಯಾಗಿ ಕಾಣುತ್ತದೆ. ಮೂವರಿಗಾಗಿ 150 ಗ್ರಾಂ ರವೆ ಹಾಕಿದರೆ ಅದರಿಂದ ಬರುವುದು ಸುಮಾರು 520 ಕ್ಯಾಲೊರಿ; ಉದುರುದುರಾಗಿ ಬರಲೆಂದು ನಾಲ್ಕು ದೊಡ್ಡ ಚಮಚ ಎಣ್ಣೆ ಹಾಕಿದರೆ ಅದರಿಂದಲೇ 480 ಕ್ಯಾಲೊರಿ ಬಂದು, ತಟ್ಟೆಯಲ್ಲಿ ಕಾಣುವ ರವೆಗೂ ಕಾಣದ ಎಣ್ಣೆಗೂ ಕ್ಯಾಲೊರಿ ಹೆಚ್ಚುಕಡಿಮೆ ಸರಿಸಮವಾಗುತ್ತದೆ. ಅದೇ ರವೆಯನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಒಂದೇ ದೊಡ್ಡ ಚಮಚದಲ್ಲಿ ಒಗ್ಗರಣೆ ಮುಗಿಸಿ, ಹುರುಳಿಕಾಯಿ, ಗಜ್ಜರಿ, ಬಟಾಣಿಗಳನ್ನು ರವೆಯ ತೂಕಕ್ಕಿಂತ ಹೆಚ್ಚಾಗಿಯೇ ಬೇಯಿಸಿ ಸೇರಿಸಿದರೆ, ಮೂವರ ಉಪ್ಪಿಟ್ಟು ನಾಲ್ವರಿಗಾಗುತ್ತದೆ, ತಲೆಗೆ 200 ಕ್ಯಾಲೊರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಉದುರಾಗುವ ಗುಣ ರವೆ ಹುರಿಯುವುದರಲ್ಲಿದೆ, ಎಣ್ಣೆಯಲ್ಲಿ ಇರುವುದಕ್ಕಿಂತ ಹೆಚ್ಚು. ಮದುವೆ ಮನೆಯ ಅಡುಗೆಯವರ ಉಪ್ಪಿಟ್ಟನ್ನು ಮಾದರಿಯಾಗಿ ಇಟ್ಟುಕೊಂಡವರಿಗೆ ಇದನ್ನು ಒಪ್ಪಿಸುವುದು ಕಷ್ಟ.

ಎಣ್ಣೆಯ ನಂತರದ ಸ್ಥಾನ ತೆಂಗಿನಕಾಯಿಯದು. ತೆಂಗನ್ನು ಶತ್ರುವೆಂದು ಕಾಣಬೇಕಾಗಿಲ್ಲ, ಆದರೆ 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 400 ಕ್ಯಾಲೊರಿ ಇರುವುದರಿಂದ ಅರ್ಧ ಹೋಳಿನ 150 ಗ್ರಾಂ ತುರಿಯನ್ನು ರುಬ್ಬಿ ಹಾಕಿದ ಹುಳಿಯು 600 ಕ್ಯಾಲೊರಿಯನ್ನು ಕಾಯಿಯಿಂದಲೇ ಪಡೆಯುತ್ತದೆ ಎಂಬುದು ತಿಳಿದಿರಬೇಕು. ರುಬ್ಬಿದ ಕಾಯಿ ಕೊಡುವ ಗಟ್ಟಿತನವನ್ನು ಬೆಂದ ಬೇಳೆಯ ಒಂದು ಸೌಟಿನಿಂದ, ಹುರಿಗಡಲೆಯಿಂದ, ಇಲ್ಲವೇ ಮಸಾಲೆಯೊಂದಿಗೆ ರುಬ್ಬಿದ ಒಂದು ತುಂಡು ಸೀಮೆಬದನೆಯಿಂದ ಪಡೆಯಬಹುದು. ಪರಿಮಳಕ್ಕೆ ಮಾತ್ರ ಎರಡು ಚಮಚ ತುರಿ ಸಾಕು. ಸಕ್ಕರೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬೆಲ್ಲ ಹಾಕಿದ ಪಾಯಸ ಹಗುರವೆಂಬ ನಂಬಿಕೆಗೆ ಆಧಾರವಿಲ್ಲ, ಬೆಲ್ಲದ ಕ್ಯಾಲೊರಿ ಸಕ್ಕರೆಯದಕ್ಕೆ ಹತ್ತಿರದಲ್ಲೇ ಇದೆ. ದಿನಕ್ಕೆ ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚದಂತೆ ಸಕ್ಕರೆ ಬಿದ್ದರೆ, ಹಾಲನ್ನು ಬಿಟ್ಟೇ, 160 ಕ್ಯಾಲೊರಿಯಾಗುತ್ತದೆ.

ಕ್ಯಾಲೊರಿ ಸಾಂದ್ರತೆ ಎಂಬ ಇನ್ನೊಂದು ಪದವನ್ನು ಇಲ್ಲಿ ವಿವರಿಸುವುದು ಅಗತ್ಯ. ಒಂದು ಪದಾರ್ಥದ ತೂಕಕ್ಕೆ ಹೋಲಿಸಿದರೆ ಅದರಲ್ಲಿ ಎಷ್ಟು ಕ್ಯಾಲೊರಿ ಇದೆ ಎಂಬುದೇ ಅದರ ಸಾಂದ್ರತೆ. ನೀರೂ ನಾರೂ ಹೆಚ್ಚಿದಷ್ಟು ಸಾಂದ್ರತೆ ಇಳಿಯುತ್ತದೆ, ಎಣ್ಣೆ ಹೆಚ್ಚಿದಷ್ಟು ಏರುತ್ತದೆ. ಹೊಟ್ಟೆಗೆ ತುಂಬಿದ ಅನುಭವವನ್ನು ಕೊಡುವುದರಲ್ಲಿ ಆಹಾರದ ಗಾತ್ರಕ್ಕೆ ದೊಡ್ಡ ಪಾಲಿರುವುದರಿಂದ, ಸಾಂದ್ರತೆ ಕಡಿಮೆಯಿರುವ ಪದಾರ್ಥಗಳು ತಟ್ಟೆಯಲ್ಲಿ ಹೆಚ್ಚಿದಂತೆಲ್ಲ ಹಸಿವೆಯನ್ನು ಕಟ್ಟಿಹಾಕದೆಯೇ ಕ್ಯಾಲೊರಿಯನ್ನು ಇಳಿಸಬಹುದು. ಈ ತತ್ತ್ವವನ್ನು ಪಾಲಿಸುವ ಅಡುಗೆಗಾಗಿ ಓಟ್ಸ್ ಮತ್ತು ಬ್ರೊಕೊಲಿಗಳ ಮೊರೆ ಹೊಗಬೇಕಾದ ಅಗತ್ಯ ಬೆಂಗಳೂರು ಸೀಮೆಯವರಿಗೆ ಇಲ್ಲ, ಏಕೆಂದರೆ ಈ ಸೀಮೆಯ ಬಸ್ಸಾರು ಅದನ್ನು ಯಾವ ಶಾಸ್ತ್ರದ ನೆರವೂ ಇಲ್ಲದೆ ಸಾಧಿಸಿಕೊಂಡಿದೆ.

ಬಸ್ಸಾರಿನ ಕ್ರಮ ಹೀಗಿದೆ. ಅರ್ಧ ಕಿಲೋ ದಂಟಿನ ಸೊಪ್ಪನ್ನೋ, ಕೀರೆ, ಸಬ್ಬಸಿಗೆ, ಹೊನಗೊನ್ನೆಗಳ ಬೆರಕೆ ಸೊಪ್ಪನ್ನೋ ತೊಳೆದು ಹೆಚ್ಚಿ, 150 ಗ್ರಾಂ ಹೆಸರುಕಾಳನ್ನು ಅಥವಾ ಅಲಸಂದೆಯನ್ನು ಮುಕ್ಕಾಲು ಬೆಂದ ಹಂತದಲ್ಲಿ ಸೊಪ್ಪಿನೊಂದಿಗೆ ಸೇರಿಸಿ, ಕಾಳು ಒಡೆಯದಂತೆ ಬೇಯಿಸಿ, ನೀರನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಮತ್ತು ಒಣಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಹುರಿಯುವ ಬದಲು ಕೆಂಡದ ಮೇಲೆ, ಈಗಿನ ಮನೆಗಳಲ್ಲಿ ಗ್ಯಾಸಿನ ಉರಿಯ ಮೇಲೆ ಜಾಲರಿ ಇಟ್ಟು, ಸಿಪ್ಪೆ ಕಪ್ಪಾಗುವವರೆಗೆ ಸುಟ್ಟುಕೊಂಡು, ಕೊತ್ತಂಬರಿ ಬೀಜ, ಮೆಣಸು, ಜೀರಿಗೆ, ಸ್ವಲ್ಪ ಹುಣಸೆಹಣ್ಣು, ಎರಡು ಚಮಚ ಕಾಯಿತುರಿ ಹಾಗೂ ಬೆಂದ ಕಾಳುಸೊಪ್ಪಿನ ಒಂದು ಹಿಡಿಯೊಡನೆ ರುಬ್ಬಿ, ಬಸಿದ ನೀರಿಗೆ ಕೂಡಿಸಿ ಕುದಿಸಿದರೆ ಸಾರು ಆಗುತ್ತದೆ. ಸುಟ್ಟ ಈರುಳ್ಳಿಯ ಹೊಗೆವಾಸನೆಯೇ ಎಣ್ಣೆಯ ಕೊರತೆಯನ್ನು ಮರೆಸುವಷ್ಟು ಗಟ್ಟಿಯಾದ ರುಚಿ ಕೊಡುವುದರಿಂದ ಒಗ್ಗರಣೆಗೆ ಒಂದು ಟೀ ಚಮಚ ಸಾಕಾಗುತ್ತದೆ, ಉಳಿದ ಸೊಪ್ಪುಕಾಳಿಗೆ ಇನ್ನೊಂದು ಚಮಚದ ಒಗ್ಗರಣೆ ಬಿದ್ದರೆ ಪಲ್ಯ ಸಿದ್ಧ. ಸೊಪ್ಪು ಬೇಯುವಾಗ ನೀರಿಗೆ ಇಳಿಯುವ ಜೀವಸತ್ವಗಳು ಚೆಲ್ಲಿಹೋಗದೆ ಸಾರಿನಲ್ಲಿ ಉಳಿಯುತ್ತವೆ ಎಂಬುದು ಇದರ ಇನ್ನೊಂದು ಲಾಭ. ಲೆಕ್ಕ ಹಾಕಿದರೆ ಕಾಳಿನಿಂದ ಸುಮಾರು 490, ಸೊಪ್ಪಿನಿಂದ 150, ಕಾಯಿಯಿಂದ 80, ಎಣ್ಣೆಯಿಂದ 80 ಕ್ಯಾಲೊರಿ ಬಂದು, ನಾಲ್ವರಿಗೆ ಸಾರೂ ಪಲ್ಯವೂ ಸೇರಿ ತಲೆಗೆ 200 ಕ್ಯಾಲೊರಿ ಆಗುತ್ತದೆ. ಒಂದು ಮುದ್ದೆಯನ್ನು ಸೇರಿಸಿದರೂ 500ರ ಸುತ್ತಮುತ್ತ ಪೂರ್ಣ ಊಟ ಮುಗಿಯುತ್ತದೆ. ಕಡಿಮೆ ವೆಚ್ಚದ ಈ ಊಟದಲ್ಲಿ ಪ್ರೋಟೀನು, ನಾರು, ಸುಣ್ಣ ಒಟ್ಟಿಗೆ ಸಿಗುತ್ತವೆ.

ಇದೇ ಸಾಲಿನಲ್ಲಿ ಮಸ್ಸೊಪ್ಪು, ಉಪ್ಸಾರು, ಹುರುಳಿಕಟ್ಟಿನ ಸಾರು, ಆವಿಯಲ್ಲಿ ಬೇಯುವ ನುಚ್ಚಿನುಂಡೆ ಮತ್ತು ಒತ್ತು ಶಾವಿಗೆ ನಿಲ್ಲುತ್ತವೆ. ಹೆಚ್ಚಾಗಿ ಹಬ್ಬಕ್ಕೆ ಮೀಸಲಾಗಿರುವ ಹೆಸರುಬೇಳೆಯ ಕೋಸಂಬರಿಯನ್ನು ದಿನದ ತಟ್ಟೆಗೆ ತಂದರೆ, 100 ಗ್ರಾಂ ಬೇಳೆ, ಅದರ ಎರಡರಷ್ಟು ಸೌತೆಕಾಯಿ, ಸ್ವಲ್ಪ ಕಾಯಿ ಹಾಗೂ ಒಂದು ಚಮಚ ಒಗ್ಗರಣೆಯಿಂದ ನಾಲ್ವರಿಗೆ ತಲೆಗೆ 120 ಕ್ಯಾಲೊರಿಯಷ್ಟೇ ಆಗುತ್ತದೆ. ಮಾಗಿಯ ಚಳಿಯಲ್ಲಿ ಮಾತ್ರ ಸಿಗುತ್ತಿದ್ದ ಅವರೆಯು, ಹಗಲಿನ ಉದ್ದ ನೋಡದೆ ಹೂಬಿಡುವ ಹೆಬ್ಬಾಳ ಅವರೆ-3 ಮತ್ತು 4ರಂಥ ತಳಿಗಳನ್ನು ಕೃಷಿ ವಿಶ್ವವಿದ್ಯಾನಿಲಯ ಕೊಟ್ಟ ಮೇಲೆ ವರ್ಷದ ಇತರ ತಿಂಗಳುಗಳಲ್ಲಿಯೂ ಮಾರುಕಟ್ಟೆಗೆ ಬರುತ್ತಿದೆ, ಆದರೆ ಹಿತಕಿದ ಬೇಳೆಯ ಸಾರಿಗೆ ಕಾಯಿ ಕೊಬ್ಬರಿಗಳನ್ನು ಧಾರಾಳವಾಗಿ ರುಬ್ಬುವ ರೂಢಿಯನ್ನು ಸ್ವಲ್ಪ ಬಿಗಿ ಹಿಡಿಯಬೇಕಾಗುತ್ತದೆ. ನವಣೆಯಲ್ಲಿ ಬಿಸಿಬೇಳೆ ಬಾತು ಮಾಡಿ, ಮೊದಲಿನಷ್ಟೇ ತುಪ್ಪ ಸುರಿದು, ಮೇಲೆ ಖಾರಾ ಬೂಂದಿ ಉದುರಿಸಿ ಅದನ್ನು ಪಥ್ಯವೆಂದು ಕರೆಯುವುದಕ್ಕಿಂತ, ಅಕ್ಕಿಯ ಬಾತಿನಲ್ಲಿಯೇ ಅಕ್ಕಿಯನ್ನು ಅರ್ಧಕ್ಕೆ ಇಳಿಸಿ ಬೇಳೆ ತರಕಾರಿಗಳನ್ನು ಹೆಚ್ಚಿಸುವುದು ವಿವೇಕದ ಕೆಲಸ.

ಲೆಕ್ಕ ಇಡುವ ವಿಧಾನದಲ್ಲಿಯೂ ಒಂದು ತೊಡಕಿದೆ. ಹಸಿ ತೂಕವನ್ನೂ ಬೆಂದ ತೂಕವನ್ನೂ ಬೆರೆಸಿದರೆ ಲೆಕ್ಕ ಹೆಚ್ಚುಕಡಿಮೆ ಮೂರು ಪಟ್ಟು ತಪ್ಪುತ್ತದೆ: 100 ಗ್ರಾಂ ಅಕ್ಕಿಯಲ್ಲಿ 356 ಕ್ಯಾಲೊರಿ ಇದ್ದರೆ, ನೀರು ಹೀರಿ ಹಿಗ್ಗಿದ 100 ಗ್ರಾಂ ಅನ್ನದಲ್ಲಿ ಇರುವುದು ಸುಮಾರು 130. ಮೊಬೈಲಿನ ಆ್ಯಪುಗಳು ಒಂದು ಬಟ್ಟಲು ಸಾಂಬಾರು ಎಂದು ತೋರಿಸುವ ಅಂಕಿಯು ಯಾವ ಮನೆಯ ಸಾಂಬಾರಿನದು, ಎಷ್ಟು ಕಾಯಿ ಹಾಕಿದ್ದು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಆದುದರಿಂದ ತಟ್ಟೆಯನ್ನು ಬಿಟ್ಟು ಪಾತ್ರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸುಲಭ. ಪಾತ್ರೆಗೆ ಬಿದ್ದ ಹಸಿ ಸಾಮಾನುಗಳ ಕ್ಯಾಲೊರಿಯನ್ನು ಕೂಡಿಸಿ, ಉಣ್ಣುವವರ ಸಂಖ್ಯೆಯಿಂದ ಭಾಗಿಸಿದರೆ ಸಾಕಷ್ಟು ನಿಖರವಾದ ಅಂಕಿ ಸಿಗುತ್ತದೆ. ಬೆರಳೆಣಿಕೆಯ ಅಡುಗೆಗಳನ್ನೇ ವಾರವಾರವೂ ತಿರುಗಿಸಿ ಮಾಡುವ ಮನೆಗಳಲ್ಲಿ ಒಮ್ಮೆ ಹಾಕಿದ ಲೆಕ್ಕ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಈ ಭಾಗಾಕಾರಕ್ಕೆ ಸಿಗದೆ ಜಾರುವ ಒಂದು ಪಾಲಿದೆ. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಎರಡು ಸೌಟು ಸಾರು, ಮಗು ಬಿಟ್ಟ ಅರ್ಧ ದೋಸೆ, ನಾಳೆಗೆ ಹಳಸೀತೆಂಬ ಪಲ್ಯ ಇವುಗಳನ್ನು ಹಾಳುಮಾಡಲು ಮನಸ್ಸಾಗದೆ ತಿನ್ನುವವರು ಸಾಮಾನ್ಯವಾಗಿ ಅಡುಗೆ ಮಾಡಿದ ಹೆಂಗಸರೇ. ಕಡಿಮೆ ಬೇಕಾದವರ ತಟ್ಟೆಗೆ ಹೆಚ್ಚು ಬೀಳುವುದು ಹೀಗೆ. ಹಗುರ ಅಡುಗೆಯ ಮಾತೆತ್ತಿದಾಗ ಸೊಪ್ಪು ಬಿಡಿಸುವ, ತರಕಾರಿ ಹೆಚ್ಚುವ ಹೆಚ್ಚಿನ ಕೆಲಸವೂ ಅವರ ತಲೆಗೇ ಬರುವುದಾದರೆ ಆ ಮಾತಿಗೆ ಬೆಲೆಯಿಲ್ಲ. ಅರ್ಧ ಕಿಲೋ ಬೆರಕೆ ಸೊಪ್ಪು ಬಿಡಿಸುವುದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಮತ್ತು ಅದು ಮನೆಯ ಯಾವ ಕೈಗೂ ಬರುವ ಕೆಲಸ.

ಬೆಳೆಯುವ ಮಕ್ಕಳು, ಗರ್ಭಿಣಿಯರು, ಮಗುವಿಗೆ ಹಾಲೂಡಿಸುವ ತಾಯಂದಿರು ಮತ್ತು ತೂಕ ಇಳಿಯುತ್ತಿರುವ ವೃದ್ಧರಿಗೆ ಈ ಕಡಿತ ಹೇಳಿದ್ದಲ್ಲ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟವನ್ನು ಕಡಿಮೆ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಉಳಿದವರಿಗೆ ಆರಂಭದ ಕೆಲಸ ಬಹಳ ಸರಳ. ಪೋಷಣಾ ಸಂಸ್ಥೆಯು ದಿನಕ್ಕೆ 2000 ಕ್ಯಾಲೊರಿಯ ಮಾದರಿ ತಟ್ಟೆಯಲ್ಲಿ ಎಣ್ಣೆ ತುಪ್ಪಗಳಿಗೆ ಕೊಟ್ಟಿರುವ ಪಾಲು 27 ಗ್ರಾಂ, ಎಂದರೆ ತಿಂಗಳಿಗೆ ಒಬ್ಬರಿಗೆ ಒಂದು ಲೀಟರಿಗೂ ಸ್ವಲ್ಪ ಕಡಿಮೆ, ಮತ್ತು ಹೋಟೆಲಿನ ದೋಸೆ, ಬೇಕರಿಯ ಪಫ್ ಕೂಡ ಆ ಪಾಲಿನೊಳಗೇ ಸೇರಬೇಕು. ಕೇಳುಗರು ಮುಂದಿನ ಎಣ್ಣೆಯ ಪ್ಯಾಕೆಟ್ಟನ್ನು ಕತ್ತರಿಸುವ ದಿನ ಅದರ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದು ಮುಗಿದ ದಿನವನ್ನೂ ಬರೆದು, ಮನೆಯವರ ತಲೆಯೆಣಿಕೆಯೊಡನೆ ಹೋಲಿಸಿ ನೋಡಲಿ. ರಾಗಿಯೋ ಅಕ್ಕಿಯೋ ಎಂಬ ಚರ್ಚೆಯನ್ನು ಆಮೇಲೆ ಮಾಡಬಹುದು.